ಎಂಟು ಹಿಡಿಗಳಲ್ಲಿ ಏಳು: ಹಳೆಯ ಮರದ ಸಾಮಾನು ಬಿಚ್ಚಿದ ಒಂದು ಪ್ರಕರಣ

ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದ ಮನೆಯಲ್ಲಿ ನಡೆದ ಕೆಲಸವಿದು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕೆಲಸ ನಡೆದ ವರ್ಷ ಯಾವುದನ್ನೂ ಹೇಳುವುದಿಲ್ಲ. ಹಳೆಯ ಮರದ ಸಾಮಾನನ್ನು ರಿಪೇರಿ ಮಾಡುವುದು ನನ್ನ ಕಸುಬು. ಆದರೆ ಇಲ್ಲಿ ನನ್ನನ್ನು ಕರೆದದ್ದು ಜೋಡಿಸಲು ಅಲ್ಲ, ಬಿಚ್ಚಲು. ಈ ಭಾಗದಲ್ಲಿ ಮನೆ ಪಾಲಾಗುವಾಗ, ಹೆಂಚಿನ ಮಾಡು ಇಳಿಸಿ ತಾರಸಿ ಹಾಕುವಾಗ ಇಂಥ ಕೆಲಸ ಮತ್ತೆ ಮತ್ತೆ ಬರುತ್ತದೆ. ನಮ್ಮ ತೀರ್ಮಾನಗಳಲ್ಲಿ ಯಾವುದು ಸರಿಹೋಯಿತು, ಯಾವುದು ಕೆಟ್ಟಿತು ಎಂಬುದು ಬೇರೆಯವರಿಗೂ ಉಪಯೋಗವಾಗಬಹುದು.

ಹಿನ್ನೆಲೆ

ಪಲ್ಪರ್ ಮನೆಯ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮನೆಯ, ಪಕ್ಕದ ಗೋದಾಮಿನಲ್ಲಿ ಮೂರು ಸಾಮಾನುಗಳಿದ್ದವು. ಒಂದು, ಬೀಟೆ ಮರದ ಡ್ರಾಯರ್ ಪೆಟ್ಟಿಗೆ. ಮೇಲಿನ ಅರ್ಧ, ಕೆಳಗಿನ ಅರ್ಧ ಎಂದು ಎರಡು ಭಾಗವಾಗಿ ಎತ್ತಿಡಬಹುದಾದ ಮಾದರಿ ಅದು. ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ ಇತ್ತು. ಹಿಡಿಗಳು ಮರದ ಮಟ್ಟಕ್ಕೆ ಸಮವಾಗಿ ಒಳಗೆ ಕೂತಿದ್ದವು. ಬ್ರಿಟಿಷ್ ಸೇನಾಧಿಕಾರಿಗಳು ಪಾಳೆಯದಿಂದ ಪಾಳೆಯಕ್ಕೆ ಸಾಗಿಸುತ್ತಿದ್ದ ಪೆಟ್ಟಿಗೆಗಳ ರೂಪ ಇದೇ. ಹೊರಗೆ ಚಾಚಿದ ಹಿಡಿ ಇದ್ದರೆ ಗಾಡಿಯಲ್ಲಿ ತಗುಲಿ ಮುರಿಯುತ್ತದೆ ಎಂದು ಹಾಗೆ ಮಾಡುತ್ತಿದ್ದರು. ಎರಡನೆಯದು, ಕನ್ನಡಿ ಬಾಗಿಲಿನ ತೇಗದ ಬೀರು. ಮೂರನೆಯದು, ಕಾಲುಗಳಿಗೆ ಪಿಂಗಾಣಿಯ ಗಾಲಿ ಇದ್ದ ಊಟದ ಮೇಜು.

ಎರಡು ಮಳೆಗಾಲ ಗೋದಾಮಿನ ಹೆಂಚು ಸೋರಿತ್ತು. ಡ್ರಾಯರ್ ಪೆಟ್ಟಿಗೆಯ ಕೆಳಗಿನ ಅರ್ಧವನ್ನು ಗೆದ್ದಲು ತಿಂದಿತ್ತು. ಮೇಜಿನ ಹಲಗೆ ಉದ್ದಕ್ಕೂ ಸೀಳಿತ್ತು, ಬೀರುವಿನ ಬೆನ್ನಿನ ಹಲಗೆಗಳಿಂದ ಕುಟ್ಟೆ ಹುಳುವಿನ ಪುಡಿ ಉದುರುತ್ತಿತ್ತು. ಮನೆಯ ಹಿರಿಯ ಮಗ ಗುಜರಿಯವರೊಬ್ಬರನ್ನು ಕರೆಸಿ ತೋರಿಸಿದ್ದರು. ಅವರು ಹೇಳಿದ ಕ್ರಮ ಸರಳವಾಗಿತ್ತು: ಕೊಡಲಿಯಲ್ಲಿ ಒಡೆದು, ಮರಕ್ಕೆ ಬೆಂಕಿ ಕೊಟ್ಟು, ಬೂದಿಯಿಂದ ಹಿತ್ತಾಳೆ ಆರಿಸಿಕೊಂಡು ತೂಕಕ್ಕೆ ಹಣ ಕೊಡುವುದು.

ಹಣದ ಮಾತು ಹಾಗಿರಲಿ, ಬೆಂಕಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಬೀಗದೊಳಗಿನ ಸ್ಪ್ರಿಂಗ್ ತನ್ನ ಬಿಗುವನ್ನು ಪಡೆದದ್ದು ಲೋಹವನ್ನು ಬಡಿದೋ ಹದಗೊಳಿಸಿಯೋ. ಕೆಂಪಗೆ ಕಾದು ತಾನಾಗಿ ಆರಿದರೆ ಆ ಬಿಗುವು ಹೋಗುತ್ತದೆ. ನೋಡಲು ಬೀಗ ಬೀಗದ ಹಾಗೆಯೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಆ ಮನೆಯ ತಾಯಿ ಗುಜರಿಯವರ ಮಾತಿಗೆ ಒಪ್ಪಲಿಲ್ಲ. “ಬಿಚ್ಚುವುದಾದರೆ ಬಿಚ್ಚಿ, ಸುಡಬೇಡಿ” ಎಂದರು. ನನ್ನನ್ನು ಕರೆಸಿದವರು ಅವರೇ.

ಮೊದಲ ದಿನ ಆದ ನಷ್ಟ

ನಾನು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಜೊತೆಗೆ ಐವತ್ತು ವರ್ಷ ಉಳಿ ಹಿಡಿದ ಒಬ್ಬ ಆಚಾರರಿದ್ದರು. ಅವರು ಡ್ರಾಯರ್ ಒಂದನ್ನು ಎಳೆದು ನೋಡಿ, ಕೈಯಿಂದ ಹಲಗೆ ಸವರಿ, “ಮರ ಇನ್ನೂ ನೀರು ಕುಡಿದು ಕೂತಿದೆ, ಇವತ್ತು ಬೇಡ” ಎಂದರು. ಅವರ ಮಾತನ್ನು ನಾನು ಕೇಳಬೇಕಿತ್ತು. ತೇವಕ್ಕೆ ಮರ ಅಡ್ಡಕ್ಕೆ ಹಿಗ್ಗುತ್ತದೆ. ಹಿಗ್ಗಿದ ಮರ ತಿರುಪುಮೊಳೆಯನ್ನು ಸುತ್ತಲಿಂದ ಅದುಮಿ ಹಿಡಿಯುತ್ತದೆ. ಇದು ನನಗೂ ಗೊತ್ತಿದ್ದ ವಿಷಯವೇ. ಆದರೆ ಅಷ್ಟು ದೂರ ಬಂದಾಗಿದೆ, ಹೇಗೂ ಕೆಟ್ಟುಹೋಗಿರುವ ಕೆಳಗಿನ ಡ್ರಾಯರ್‌ನಿಂದ ಒಂದಾದರೂ ಹಿಡಿ ತೆಗೆದು ನೋಡೋಣ ಎಂದು ಕೈ ಹಾಕಿದೆ.

ಪ್ರತಿ ಹಿಡಿಗೂ ಒಂದು ಚೌಕಾಕಾರದ ಎರಕದ ತಗಡು, ನಾಲ್ಕು ತಿರುಪುಮೊಳೆ. ಮೂರು ಬಂದವು. ನಾಲ್ಕನೆಯದರ ಗಾಡಿಯಲ್ಲಿ, ಅಂದರೆ ಸ್ಕ್ರೂಡ್ರೈವರ್ ಕೂರುವ ತಲೆಯ ಸೀಳಿನಲ್ಲಿ, ಹಳೆಯ ಪಾಲಿಶ್ ತುಂಬಿಕೊಂಡಿತ್ತು. ಸ್ಕ್ರೂಡ್ರೈವರ್ ಜಾರಿ ಗಾಡಿಯ ಅಂಚು ಕಿತ್ತುಹೋಯಿತು. ಆಗ ನಾನು ತಗಡಿನ ಕೆಳಗೆ ಉಳಿಯ ತುದಿ ತೂರಿಸಿ ಮೀಟಿದೆ. ಎರಕದ ಹಿತ್ತಾಳೆ ಬಡಿದು ಮಾಡಿದ ತಗಡಿನಂತೆ ಬಾಗುವುದಿಲ್ಲ. ಸಣ್ಣದೊಂದು ‘ಟಿಕ್’ ಸದ್ದು. ಮೂಲೆಯಿಂದ ನಡುವಿನವರೆಗೆ ಬಿರುಕು ಓಡಿತು. ಬಿರುಕಿನ ಒಳಗೆ ಲೋಹ ಹೊಸ ಹಿತ್ತಾಳೆಯ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು.

ಆ ಪೆಟ್ಟಿಗೆಗೆ ಎಂಟು ಹಿಡಿಗಳಿದ್ದವು. ಮೇಲಿನ ಎರಡು ಗಿಡ್ಡ ಡ್ರಾಯರ್‌ಗಳಿಗೆ ಒಂದೊಂದು, ಉಳಿದ ಮೂರು ಉದ್ದನೆಯವಕ್ಕೆ ಎರಡೆರಡು. ಸಂಗ್ರಹಕಾರರು ಇಂಥವನ್ನು ಬಿಡಿಯಾಗಿ ಅಲ್ಲ, ಜೋಡಿಯಾಗಿ, ಪೂರ್ತಿ ಸೆಟ್ ಆಗಿ ಹುಡುಕುತ್ತಾರೆ. ಅರ್ಧ ಗಂಟೆಯ ಅವಸರಕ್ಕೆ ಎಂಟು ಏಳಾಯಿತು. ಆಚಾರರು ಏನೂ ಅನ್ನಲಿಲ್ಲ. ಒಡೆದ ಹಿಡಿಯನ್ನು, ಬಂದ ಮೂರು ಮೊಳೆಗಳನ್ನು ತಮ್ಮ ಕರವಸ್ತ್ರದಲ್ಲಿ ಕಟ್ಟಿ ತಾಯಿಯ ಕೈಗೆ ಕೊಟ್ಟರು. ನಾನು ಆ ತಾಯಿಯ ಎದುರು ತಪ್ಪು ಒಪ್ಪಿಕೊಂಡು, ಕೆಲಸ ನಿಲ್ಲಿಸಿದೆ.

ಕಾಯುವ ತೀರ್ಮಾನ

ಈ ಪ್ರಕರಣದ ಮೊದಲ ತಿರುವು ಇದು. ಎಷ್ಟು ದಿನ ಕಾಯಬೇಕು ಎಂದು ಮಗ ಕೇಳಿದರು. ಫೆಬ್ರವರಿ ಎಂದೆವು. ಅವರಿಗೆ ಕಷ್ಟವಾಯಿತು, ಗೋದಾಮು ಅವರಿಗೆ ಕುಯ್ಲಿನ ಹೊತ್ತಿಗೆ ಬೇಕಿತ್ತು. ಕೊನೆಗೆ ಮೂರೂ ಸಾಮಾನನ್ನು ಮನೆಯ ಹಿಂದಿನ ಜಗಲಿಗೆ ಸಾಗಿಸಿ, ನೆಲದಿಂದ ಒಂದು ಅಡಿ ಮೇಲೆ ಇಟ್ಟಿಗೆಯ ಮೇಲಿಟ್ಟು, ಗಾಳಿ ಆಡುವಂತೆ ಬಿಟ್ಟೆವು. ಬೇಗ ಒಣಗಲಿ ಎಂದು ಕಾಫಿ ಕಣದ ಬಿಸಿಲಿಗೆ ಇಡುವ ಮಾತೂ ಬಂತು. ಅದಕ್ಕೆ ಮಾತ್ರ ಇಬ್ಬರೂ ಗಟ್ಟಿಯಾಗಿ ಬೇಡವೆಂದೆವು. ನೀರು ಕುಡಿದ ಬೀಟೆ ನೇರ ಬಿಸಿಲಿಗೆ ಬಿದ್ದರೆ ಹೊರಮೈ ಮೊದಲು ಕುಗ್ಗಿ ಸೀಳುತ್ತದೆ.

ಆ ನಾಲ್ಕು ತಿಂಗಳು ವ್ಯರ್ಥವಾಗಲಿಲ್ಲ. ಎರಡು ಸಲ ಹೋಗಿ ಪ್ರತಿಯೊಂದು ಲೋಹದ ಭಾಗದ ಫೋಟೋ ತೆಗೆದು, ನಕ್ಷೆ ಬರೆದು, ಸಂಖ್ಯೆ ಕೊಟ್ಟೆ. ಒಟ್ಟು 61 ತುಂಡು. ಅಯಸ್ಕಾಂತವನ್ನೂ ಆಗಲೇ ಹಿಡಿದು ನೋಡಿದ್ದು. ಬೀರುವಿನ ದೊಡ್ಡ ಹೂಬಳ್ಳಿಯ ಹಿಡಿಗಳೇ ಎಲ್ಲಕ್ಕಿಂತ ಬೆಲೆಬಾಳುವವು ಎಂದು ಮನೆಯವರು ನಂಬಿದ್ದರು. ಅಯಸ್ಕಾಂತ ಅವಕ್ಕೆ ಪಟ್ಟನೆ ಅಂಟಿಕೊಂಡಿತು. ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆಯ ಲೇಪ. ಆದರೆ ಬಿಜಾಗರಿಗಳ ವಿಷಯದಲ್ಲಿ ಇದೇ ಪರೀಕ್ಷೆ ದಾರಿ ತಪ್ಪಿಸಬಲ್ಲದು. ಎಲೆಗಳು, ಅಂದರೆ ಎರಡು ಬದಿಯ ಚಪ್ಪಟೆ ತಗಡುಗಳು, ಹಿತ್ತಾಳೆಯವೇ ಇದ್ದು ನಡುವಿನ ಕಡ್ಡಿ ಮಾತ್ರ ಉಕ್ಕಿನದಾಗಿದ್ದರೆ ಅಯಸ್ಕಾಂತ ಅಲ್ಲಿಗೂ ಎಳೆಯುತ್ತದೆ. ಹಾಗಾಗಿ ಎಲೆಯ ತುದಿಯಲ್ಲಿ, ಕಡ್ಡಿಯಿಂದ ದೂರ ಹಿಡಿದು ನೋಡಬೇಕು.

ಬೀರುವಿನ ಒಳಗೆ ಬಟ್ಟೆ ನೇತುಹಾಕುವ ನಾಲ್ಕು ಸಣ್ಣ ಕೊಕ್ಕೆಗಳಿದ್ದವು. ಯಾರೂ ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಂದರ ಬುಡದಲ್ಲಿ ವಜ್ರಾಕೃತಿಯ ಪುಟ್ಟ ಮುದ್ರೆ ಕಂಡಿತು. ಬ್ರಿಟನ್‌ನಲ್ಲಿ ವಿನ್ಯಾಸ ನೋಂದಾಯಿಸಿದ ವಸ್ತುಗಳಿಗೆ 1842ರಿಂದ 1883ರವರೆಗೆ ಹಾಕುತ್ತಿದ್ದ ಗುರುತು ಅದು. 1884ರಿಂದ ಮುದ್ರೆ ಹೋಗಿ ಬರಿಯ ನೋಂದಣಿ ಸಂಖ್ಯೆ ಬಂತು. ಮೇಜಿನ ಗಾಲಿಗಳ ಮೇಲೆ ಕೋಪ್ ಅಂಡ್ ಕಾಲಿನ್ಸನ್ ಪೇಟೆಂಟ್ ಎಂಬ ಅಚ್ಚು, ಡ್ರಾಯರ್ ಬೀಗಗಳ ಮೇಲೆ ಕಿರೀಟದ ಜೊತೆ ವಿಕ್ಟೋರಿಯಾ ರಾಣಿಯ ‘ವಿ ಆರ್’ ಅಕ್ಷರಗಳು. ಬೀರುವಿನ ಒಂದು ಬಿಜಾಗರಿಯಲ್ಲಿ ಮಾತ್ರ ಅಡ್ಡ ಉದ್ದ ಗೀರಿನ ಫಿಲಿಪ್ಸ್ ತಿರುಪುಮೊಳೆ. ಅಂಥ ಮೊಳೆ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಆ ಬಾಗಿಲನ್ನು ಆಮೇಲೆ ಯಾರೋ ರಿಪೇರಿ ಮಾಡಿದ್ದರು. ಮೊಳೆ ಎಸೆದು ಬಿಜಾಗರಿ ಮಾತ್ರ ಇಟ್ಟುಕೊಳ್ಳುವವರಿಗೆ ಈ ಕಥೆ ಸಿಗುವುದಿಲ್ಲ.

ಬಿಚ್ಚಿದ ಕ್ರಮ

ಅರೇಬಿಕಾ ಕಾಫಿಯ ಕುಯ್ಲು ಮುಗಿದು ಫೆಬ್ರವರಿಯ ಒಣ ಗಾಳಿ ಬೀಸತೊಡಗಿದ ಮೇಲೆ ಮತ್ತೆ ಹೋದೆವು. ಸೆಪ್ಟೆಂಬರಿನಲ್ಲಿ ಇಬ್ಬರು ಹಿಡಿದೆಳೆದರೂ ಬಾರದ ಡ್ರಾಯರ್ ಈಗ ಒಂದು ಕೈಗೆ ಬಂತು.

ಆಚಾರರು ಹಳೆಯ ಕೊಡೆಯ ಕಡ್ಡಿಯನ್ನು ಕಲ್ಲಿಗೆ ತೇದು ಚೂಪು ಮಾಡಿಕೊಂಡು ಬಂದಿದ್ದರು. ಮೊದಲ ದಿನವೆಲ್ಲ ಅವರು ಒಂದೂ ಮೊಳೆ ತಿರುಗಿಸಲಿಲ್ಲ. ನೆಲದ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಪ್ರತಿ ಮೊಳೆಯ ಗಾಡಿಯಲ್ಲಿ ತುಂಬಿದ ಮೇಣ, ಪಾಲಿಶ್, ಕೊಳೆಯನ್ನು ಕಡ್ಡಿಯಿಂದ ಕೆರೆದು ಉಫ್ ಎಂದು ಊದುತ್ತಿದ್ದರು. ಗಾಡಿಯ ತಳ ಕಂಡ ಮೇಲೆಯೇ ಮುಂದಿನದು. ಎರಡನೆಯ ದಿನ ಮೂರು ಸ್ಕ್ರೂಡ್ರೈವರ್‌ಗಳ ತುದಿಯನ್ನು ಬೇರೆ ಬೇರೆ ದಪ್ಪಕ್ಕೆ ಅರದಿಂದ ಉಜ್ಜಿ, ಗಾಡಿಯ ಉದ್ದಗಲಕ್ಕೆ ಸರಿಯಾಗಿ ಕೂರುವಂತೆ ಮಾಡಿದರು. ಅಂಗಡಿಯಲ್ಲಿ ಸಿಗುವ ಸ್ಕ್ರೂಡ್ರೈವರ್ ತುದಿ ಓರೆಯಾಗಿರುತ್ತದೆ. ಹಳೆಯ ಗಾಡಿಯ ಗೋಡೆ ನೇರ. ನಾನು ಸೆಪ್ಟೆಂಬರಿನಲ್ಲಿ ಜಾರಿದ್ದು ಅದಕ್ಕೇ.

ತಿರುಗಿಸುವಾಗ ಮೊದಲು ಕೂದಲೆಳೆಯಷ್ಟು ಬಿಗಿಮಾಡುವುದು, ಆಮೇಲೆ ಸಡಿಲಿಸುವುದು. ಹಿಡಿದ ತುಕ್ಕೋ ಮೇಣವೋ ಬಿಗಿಯುವಾಗಲೇ ಬಿಡುತ್ತದೆ. ಬೀರುವಿನ ಕಬ್ಬಿಣದ ಮೊಳೆಗಳು ಇದಕ್ಕೂ ಬಗ್ಗಲಿಲ್ಲ. ಒದ್ದೆ ಮರದಲ್ಲಿ ಕಬ್ಬಿಣ ತುಕ್ಕಾಗಿ ಉಬ್ಬಿ, ಸುತ್ತ ಮರ ಕಪ್ಪಾಗಿತ್ತು. ಅವಕ್ಕೆ ತಂತಿ ಬೆಸೆಯುವ ವಿದ್ಯುತ್ ಕಡ್ಡಿಯನ್ನು (ಸೋಲ್ಡರಿಂಗ್ ಐರನ್) ಮೊಳೆಯ ತಲೆಗೆ ಒತ್ತಿಹಿಡಿದೆವು. ಕಾದ ಮೊಳೆ ಹಿಗ್ಗಿ, ಆರುವಾಗ ಕುಗ್ಗಿ, ತುಕ್ಕಿನ ಹಿಡಿತ ಬಿರಿಯುತ್ತದೆ. ಕೆಲವಕ್ಕೆ ಮೂರು ನಾಲ್ಕು ಸಲ ಕಾಯಿಸಬೇಕಾಯಿತು. ಕಾಯಿಸುವ ಮೊಳೆಗೆ ಮುಂಚೆ ಸೀಮೆಎಣ್ಣೆ ಹಾಕಬಾರದು, ಬೆಂಕಿಯ ಭಯ. ಹಿತ್ತಾಳೆಯ ಮೊಳೆ ಮೆದು. ಬಲ ಹಾಕಿದರೆ ಕುತ್ತಿಗೆಯಲ್ಲೇ ತುಂಡಾಗುತ್ತದೆ. ಅಂಥ ಮೂರನ್ನು ಬಿಚ್ಚಲು ಹೋಗದೆ ಸುತ್ತಲಿನ ಕೊಳೆತ ಮರವನ್ನೇ ಉಳಿಯಿಂದ ಕೆತ್ತಿ ತೆಗೆದೆವು. ಮರ ಹೇಗೂ ಹೋಗುವುದೇ ಆಗಿದ್ದಲ್ಲಿ ಇದೇ ಸುರಕ್ಷಿತ ದಾರಿ.

ಬಂದ ಮೊಳೆಗಳನ್ನು ಡಬ್ಬಿಗೆ ಸುರಿಯಲಿಲ್ಲ. ರಟ್ಟಿನ ಮೇಲೆ ತಗಡಿನ ಆಕಾರ ಬರೆದು, ಯಾವ ತೂತಿನ ಮೊಳೆಯೋ ಅದೇ ಜಾಗಕ್ಕೆ ಚುಚ್ಚಿಟ್ಟೆವು. ಮೇಜಿನ ಅಂಟು ಹಳೆಯ ಮರವಜ್ರ, ಅಂದರೆ ಚರ್ಮ, ಮೂಳೆಗಳನ್ನು ಕುದಿಸಿ ಮಾಡಿದ ಅಂಟು. ಬಿಸಿನೀರಿನ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಮೆದುವಾಗಿ ಕಾಲು ತಾನಾಗಿ ಕಳಚಿಕೊಳ್ಳುತ್ತದೆ. ಗಾಲಿಗಳು ಹಾಗೆ ಯಾವ ಪೆಟ್ಟೂ ಇಲ್ಲದೆ ಬಂದವು.

ಬೀರುವಿನ ಒಳಮೈಗೆ ಹಸಿರು ಬಣ್ಣ ಬಳಿದಿತ್ತು. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತದೆ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಆದ್ದರಿಂದ ಒಣ ಉಜ್ಜುಕಾಗದ ಮುಟ್ಟಲಿಲ್ಲ, ತಿರುಪಿನ ಸುತ್ತ ಒದ್ದೆ ಮಾಡಿ ಕೆರೆದೆವು, ಮುಖಗವಸು ಹಾಕಿದೆವು, ಮನೆಯ ಮಕ್ಕಳನ್ನು ದೂರ ಇಟ್ಟೆವು. ತೋಟದ ಕೆಲಸದವರೊಬ್ಬರು ಆ ಹಲಗೆಗಳನ್ನು ಹಂಡೆ ಒಲೆಗೆ ಒಯ್ಯಲು ಬಂದರು. ಬಣ್ಣದ ಹಲಗೆ ಸುಟ್ಟರೆ ಸೀಸ ಹೊಗೆಯಲ್ಲೂ ಬೂದಿಯಲ್ಲೂ ಬರುತ್ತದೆ ಎಂದು ತಿಳಿಸಿ, ಬಣ್ಣವಿಲ್ಲದ ತುಂಡುಗಳನ್ನು ಮಾತ್ರ ಕೊಟ್ಟೆವು.

ಕುಳಿಯೊಳಗಿನ ಅಂಕಿ

ಐದನೆಯ ದಿನ ಡ್ರಾಯರ್ ಪೆಟ್ಟಿಗೆಯ ಕೆಳಗಿನ ಅರ್ಧಕ್ಕೆ ಬಂದೆವು. ಆಚಾರರು ಮೇಲಿನ ಉದ್ದ ಡ್ರಾಯರ್‌ನ ಎಡಗಡೆ ಹಿಡಿಯ ನಾಲ್ಕೂ ಮೊಳೆ ತೆಗೆದು, ತಗಡನ್ನು ಎರಡೂ ಬೆರಳ ತುದಿಯಿಂದ ಮೆಲ್ಲನೆ ಅಲುಗಿಸಿ ಎತ್ತಿದರು. ತಗಡು ಕೂರಲು ಮರದಲ್ಲಿ ತೋಡಿದ ಕುಳಿ ಕಂಡಿತು. ಪಾಲಿಶ್ ಕಾಣದ, ಕೆನ್ನೇರಳೆ ಬಣ್ಣ ಹಾಗೆಯೇ ಉಳಿದ ಬೀಟೆ. ಅದರ ತಳದಲ್ಲಿ ಉಳಿಯ ಮೂಲೆಯಿಂದ ಕೊರೆದ ಒಂದು ಗುರುತು. ಆಚಾರರು ಬೆರಳಿಂದ ಧೂಳು ಒರೆಸಿದರು. ಕನ್ನಡದ ‘೪’.

ತಗಡನ್ನು ತಿರುಗಿಸಿ ನೋಡಿದೆವು. ಬೆನ್ನಿನ ಮೇಲೆ ಅರದ ಅಂಚಿನಿಂದ ಗೀರಿದ ಅದೇ ‘೪’, ಪಕ್ಕದಲ್ಲಿ ಎಡಕ್ಕೆ ಒಂದು ಗೀಟು. ಬಲಗಡೆಯದರಲ್ಲಿ ‘೪’, ಎರಡು ಗೀಟು. ತಾಯಿಯವರ ಬಳಿಯಿಂದ ಕರವಸ್ತ್ರದ ಗಂಟು ತರಿಸಿ, ನಾನು ಸೆಪ್ಟೆಂಬರಿನಲ್ಲಿ ಒಡೆದ ಹಿಡಿಯ ಬೆನ್ನು ಒರೆಸಿದೆ. ಕಪ್ಪು ಮೇಣದ ಅಡಿಯಲ್ಲಿ ‘೫’ ಇತ್ತು. ಅವತ್ತು ಅದು ನನ್ನ ಕೈಯಲ್ಲೇ ಇತ್ತು; ತಿರುಗಿಸಿ ನೋಡುವ ತಾಳ್ಮೆ ನನಗಿರಲಿಲ್ಲ.

ಈ ಪೆಟ್ಟಿಗೆಯನ್ನು ಮನೆಯವರು ತಲೆಮಾರುಗಳಿಂದ ವಿಲಾಯತಿ ಪೆಟ್ಟಿಗೆ ಎನ್ನುತ್ತಿದ್ದರು. ದೊರೆಯೊಬ್ಬ ಹಡಗಿನಲ್ಲಿ ತಂದದ್ದು ಎಂಬ ಮಾತೂ ಇತ್ತು. ಎರಕ ಒಂದೇ ಅಚ್ಚಿನದಾದರೂ ಪ್ರತಿ ತಗಡಿನ ಅಂಚು ಕೊಂಚ ಬೇರೆ. ಅದಕ್ಕೆ ಹೊಂದುವಂತೆ ಪ್ರತಿ ಕುಳಿಯನ್ನೂ ಪ್ರತ್ಯೇಕವಾಗಿ ತೋಡಿ, ಅದಲುಬದಲಾಗದಿರಲಿ ಎಂದು ಅಂಕಿ ಹಾಕಿದ್ದಾರೆ. ಆ ಅಂಕಿ ಕನ್ನಡದಲ್ಲಿದೆ. ಹಿತ್ತಾಳೆ ಸಮುದ್ರ ದಾಟಿ ಬಂದಿರಬಹುದು. ಆ ಕಾಲಕ್ಕೆ ಇಂಗ್ಲೆಂಡಿನ ಹಿತ್ತಾಳೆ ಉದ್ಯಮದ ಕೇಂದ್ರ ಬರ್ಮಿಂಗ್‌ಹ್ಯಾಮ್. ಆದರೆ ಮರ ಕೆತ್ತಿದ ಕೈ ಈ ನೆಲದ ಆಚಾರಿಯದು. ನಡುವೆ ರಿಪೇರಿ ಮಾಡಿದವರು ಬರೆದದ್ದಿರಬಹುದೇ ಎಂಬ ಅನುಮಾನವನ್ನೂ ನಾವು ಪರೀಕ್ಷಿಸಿದೆವು. ಕುಳಿಗಳಲ್ಲಿ ಎರಡನೆಯ ಸಲ ತೋಡಿದ ಗುರುತಿರಲಿಲ್ಲ, ಮೊಳೆಯ ತೂತುಗಳೂ ಒಂದೇ ಸಲದವು. ನಮ್ಮ ಆಚಾರರು ಆ ‘೪’ರ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, “ಅಮ್ಮಾ, ಮೇಲಿನ ಅರ್ಧ ಗಟ್ಟಿಯಾಗಿದೆ. ಅದನ್ನು ನಾನು ಬಿಚ್ಚುವುದಿಲ್ಲ” ಎಂದರು.

ಕೆಲಸದ ಒಪ್ಪಂದ ಬದಲಾದದ್ದು ಇಲ್ಲಿ. ಮಗನಿಗೆ ಮೊದಲು ಸಮಾಧಾನವಾಗಲಿಲ್ಲ. ಮೇಲಿನ ಅರ್ಧದ ನಾಲ್ಕು ಹಿಡಿ, ಮೂರು ಬೀಗ, ಮೂಲೆಪಟ್ಟಿಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು, ಅವನ್ನೇ ಬಿಟ್ಟರೆ ಇಷ್ಟು ದಿನದ ಕೆಲಸಕ್ಕೆ ಏನು ಅರ್ಥ ಎಂದರು. ಅವರ ಲೆಕ್ಕ ತಪ್ಪೇನಲ್ಲ. ನಾನು ಹೇಳಿದ್ದು ಇಷ್ಟೇ: ಬಿಚ್ಚಿದರೆ ಅದು ಹತ್ತಾರು ಹಿತ್ತಾಳೆ ತುಂಡು, ಬಿಚ್ಚದಿದ್ದರೆ ಇಲ್ಲಿಯವರೊಬ್ಬರು ಮಾಡಿದ ಪೆಟ್ಟಿಗೆ, ಬಿಚ್ಚುವ ಕೆಲಸ ಯಾವಾಗ ಬೇಕಾದರೂ ಮಾಡಬಹುದು. ತಾಯಿ ತೀರ್ಮಾನ ಮಾಡಿದರು. ಕೆಳಗಿನ ಅರ್ಧವನ್ನು ಮಾತ್ರ ಬಿಚ್ಚಿದೆವು. ‘೫’ ಇದ್ದ ಹಲಗೆಯ ತುಂಡನ್ನು ಕೈಯಗಲ ಕತ್ತರಿಸಿ ತೆಗೆದಿಟ್ಟೆವು.

ಹುಣಸೆಹಣ್ಣು, ಹೊರದೇಶ, ಎಂಟನೆಯ ಹಿಡಿ

ಬಿಚ್ಚಿದ ಮೇಲೂ ಕೆಡಿಸಲು ದಾರಿಗಳಿವೆ. ತಾಯಿಯವರು ಹುಣಸೆಹಣ್ಣು ನೆನೆಹಾಕಿ ಕೂತಿದ್ದರು, ದೇವರ ದೀಪ ಬೆಳಗುವಂತೆ ಬೆಳಗಿಬಿಡೋಣ ಎಂದು. ದೀಪಕ್ಕೆ ಅದು ಸರಿ, ವಾರವಾರ ಬೆಳಗುವ ವಸ್ತು ಅದು. ಇಲ್ಲಿ ನೂರಕ್ಕೂ ಹೆಚ್ಚು ವರ್ಷ ಕೈಬೆವರು, ಗಾಳಿ ತಾಗಿ ಬಂದ ಕಂದು ಬಣ್ಣವೇ ವಸ್ತುವಿನ ವಯಸ್ಸಿಗೆ ಸಾಕ್ಷಿ. ಹುಳಿ ಆ ಪದರವನ್ನು ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆಯೊಳಗಿನ ಸತುವೂ ಕರಗಿ ಹೋಗಿ ತಾಮ್ರದ ನಸುಗೆಂಪು ಉಳಿಯುತ್ತದೆ. ಒಂದು ಮುರುಕು ಬಿಜಾಗರಿಯನ್ನು ಅವರ ಎದುರೇ ಹುಣಸೆಯಲ್ಲಿ ಅದ್ದಿ ತೋರಿಸಿದೆ. ನೋಡಿದ ಮೇಲೆ ಅವರೇ ಬಟ್ಟಲು ಒಳಗೆ ಒಯ್ದರು. ಸಾಬೂನಿನ ತೆಳು ನೀರು, ಮೆದು ಬ್ರಷ್, ತಕ್ಷಣ ಒರೆಸಿ ಒಣಗಿಸುವುದು, ಮೇಲೆ ತೆಳ್ಳಗೆ ಜೇನುಮೇಣ: ಇಷ್ಟೇ ಮಾಡಿದ್ದು.

ಅಮೋನಿಯಾ ಇರುವ ಪಾಲಿಶ್ ದ್ರವಗಳನ್ನು ನಾನು ಹತ್ತಿರ ಸೇರಿಸುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಕುದುರೆ ಲಾಯದ ಮೂತ್ರದಿಂದ ಏಳುವ ಅಮೋನಿಯಾ, ತೇವ, ಬಡಿದು ರೂಪಿಸಿದ ಹಿತ್ತಾಳೆಯೊಳಗಿನ ಬಿಗಿತ ಮೂರೂ ಸೇರಿದ್ದೇ ಕಾರಣವೆಂದು ಆಮೇಲೆ ಗೊತ್ತಾಯಿತು. ಮಲೆನಾಡಿನಲ್ಲಿ ತೇವಕ್ಕೆ ಬರವಿಲ್ಲ. ಹಳೆಯ ಹಿತ್ತಾಳೆಯನ್ನು ಕೊಟ್ಟಿಗೆಯ ಅಟ್ಟದಲ್ಲಿ ಇಡಬೇಡಿ ಎಂದು ಆ ಮನೆಯವರಿಗೂ ಹೇಳಿಬಂದೆ.

ಹೊರದೇಶದಲ್ಲಿರುವ ಮೊಮ್ಮಗ ಒಂದು ‘ವಿ ಆರ್’ ಬೀಗ, ಎರಡು ಗಾಲಿ ನೆನಪಿಗೆ ಒಯ್ಯುತ್ತೇನೆ ಎಂದರು. ನೂರು ವರ್ಷ ಮೀರಿದ ಕಲಾವಸ್ತು, ಕುಶಲವಸ್ತುಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಮುದ್ರೆಗಳೇ ವಯಸ್ಸು ಹೇಳುತ್ತಿರುವಾಗ ವಾದಕ್ಕೆ ಜಾಗವಿರಲಿಲ್ಲ. ಅವರು ಫೋಟೋ ಮಾತ್ರ ಒಯ್ದರು.

ಒಡೆದ ಹಿಡಿಯ ಬಗ್ಗೆ ಒಬ್ಬ ವ್ಯಾಪಾರಿ ಉಪಾಯ ಹೇಳಿದರು: ಉಳಿದದ್ದರಿಂದ ಅಚ್ಚು ತೆಗೆದು ಒಂದು ಹೊಸದನ್ನು ಎರಕ ಹೊಯ್ಸಿ, ಕೆಳಗಿನ ನಾಲ್ಕನ್ನೂ ಹಳೆಯ ಸೆಟ್ ಎಂದು ಮಾರಿಬಿಡಿ. ಎರಕದ ಹಿತ್ತಾಳೆ ಆರುವಾಗ ನೂರಕ್ಕೆ ಸುಮಾರು ಒಂದೂವರೆಯಷ್ಟು ಕುಗ್ಗುತ್ತದೆ, ಅಳೆದವರಿಗೆ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದಿದ್ದರೂ ಅದು ಮೋಸವೇ. ಎರಕ ಮಾಡಿಸುವುದಾದರೆ ಬೆನ್ನಿಗೆ ಇಸವಿ ಕೊರೆಯಬೇಕು ಎಂದೆವು. ಹಾಗಾದರೆ ಬೇಡ ಎಂದು ವ್ಯಾಪಾರಿ ಹೋದರು. ಮೂರು ಹಿಡಿ ಮೂರಾಗಿಯೇ ಉಳಿದವು.

ಕೊನೆಗೆ ಕೈಗೆ ಬಂದದ್ದು

ಕೆಲಸ ಒಟ್ಟು 11 ದಿನ ಹಿಡಿಯಿತು. ಬಿಚ್ಚಲು ಹೊರಟ ಭಾಗಗಳಲ್ಲಿ ಒಂದು ಹಿಡಿ, ಎರಡು ಬಿಜಾಗರಿ ಒಡೆದವು. ಬೀರುವಿನ ಕನ್ನಡಿ ಇಳಿಸುವಾಗ ಮೂಲೆ ಸೀಳಿತು. ಮೇಜಿನ ನಾಲ್ಕು ಗಾಲಿಗಳನ್ನು ಬೆಂಗಳೂರಿನ ಸಂಗ್ರಹಕಾರರೊಬ್ಬರು ಕೊಂಡರು. ಗುಜರಿಯವರು ಇಡೀ ಲೋಹಕ್ಕೆ ಹೇಳಿದ್ದ ಹಣಕ್ಕಿಂತ ಹೆಚ್ಚು ಆ ನಾಲ್ಕರಿಂದಲೇ ಬಂತು, ಆದರೆ ನಮ್ಮ ಇಬ್ಬರ ಕೂಲಿ ಕಳೆದರೆ ಮಿಕ್ಕದ್ದು ಅಲ್ಪ. ಬರಿಯ ಹಣಕ್ಕಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಇದನ್ನು ಮುಚ್ಚಿಡುವುದಿಲ್ಲ. ವಜ್ರಮುದ್ರೆಯ ಕೊಕ್ಕೆಗಳನ್ನು ಮನೆಯವರು ಮಾರಲಿಲ್ಲ. ಅವು ಈಗ ಜಗಲಿಯ ಗೋಡೆಯಲ್ಲಿ ಕಂಬಳಿ, ಕೊಡೆ ಹೊತ್ತಿವೆ.

ಡ್ರಾಯರ್ ಪೆಟ್ಟಿಗೆಯ ಮೇಲಿನ ಅರ್ಧಕ್ಕೆ ಆಚಾರರು ಹಲಸಿನ ಮರದ ಗಿಡ್ಡ ಪೀಠ ಮಾಡಿಕೊಟ್ಟರು. ಅದು ನಡುಮನೆಯಲ್ಲಿದೆ. ಕೆಳಗಿನ ಮೂರು ಹಿಡಿ, ಒಡೆದದ್ದು, ರಟ್ಟಿಗೆ ಚುಚ್ಚಿದ ಮೊಳೆಗಳು, ‘೫’ ಕೊರೆದ ಹಲಗೆಯ ತುಂಡು ಎಲ್ಲವೂ ಮೂರನೆಯ ಡ್ರಾಯರ್‌ನೊಳಗಿವೆ. ಕಳೆದ ಸಲ ಹೋದಾಗ ತಾಯಿ ಅದನ್ನು ಎಳೆದು ತೋರಿಸಿದರು. ಹೊರಗೆ ಜಡಿಮಳೆ. ಡ್ರಾಯರ್ ಅರ್ಧಕ್ಕೆ ಬಂದು ನಿಂತಿತು. ಅವರು ಬಲ ಹಾಕಲಿಲ್ಲ. “ಫೆಬ್ರವರಿಗೆ ಬನ್ನಿ, ಪೂರ್ತಿ ತೆಗೆದು ತೋರಿಸುತ್ತೇನೆ” ಎಂದು ಮೆಲ್ಲಗೆ ಒಳಗೆ ತಳ್ಳಿದರು.